ಪಿಜ್ಜಾ ಸಮ್ಮೇಳನವೆಂದು ನಗುವವರಿಗೆ

ಮೊನ್ನೆ ಟೊರೊಂಟೊ ಹತ್ತಿರದ ಸ್ಟೌಫ್‌ವಿಲ್‌ನಲ್ಲಿ ಪರಿಚಯದವರ ಹೊಸ ಮನೆಯ ಗೃಹಪ್ರವೇಶವಿತ್ತು. ಊಟದ ತಟ್ಟೆ ಹಿಡಿದು ಬೇಸ್‌ಮೆಂಟಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಬೆಂಗಳೂರಿನಿಂದ ಈಚೆಗೆ ಬಂದ ಯುವಕನೊಬ್ಬ ಹೋಳಿಗೆ ತಿನ್ನುತ್ತ ಕೇಳಿದ: ‘ಆಂಟಿ, ನೀವು ಇಲ್ಲಿ ಹಳಬರಲ್ವಾ? ಹಿಂದೆ ಒಂದ್ಸಲ ಪಿಜ್ಜಾ ಸಮ್ಮೇಳನ ಆಗಿತ್ತಂತೆ? ಫುಡ್ ಕಮಿಟಿ ಲೇಡಿ ಅವರೂರಿನೋರನ್ನೆಲ್ಲ ಫ್ರೀಯಾಗಿ ಊಟಕ್ಕೆ ಕೂರಿಸ್ಬಿಟ್ಟು, ರಿಜಿಸ್ಟರ್ ಮಾಡಿಸಿದೋರಿಗೆ ಪಿಜ್ಜಾ ತರಿಸಿ ಕೊಟ್ರಂತೆ?’

ಅವನು ನಗುತ್ತಿದ್ದ. ಸಮ್ಮೇಳನ ನಡೆದ ಬೇಸಿಗೆಯಲ್ಲಿ ಅವನು ಬೆಂಗಳೂರಿನ ಯಾವುದೋ ಬೀದಿಯಲ್ಲಿ ಕ್ರಿಕೆಟ್ ಆಡಿಕೊಂಡಿದ್ದಿರಬೇಕು. ಆದರೂ ಕಥೆ ಅವನಿಗೆ ಬಾಯಿಪಾಠವಾಗಿತ್ತು. ‘ಯಾರಪ್ಪ ಹೇಳಿದ್ದು ನಿನಗೆ?’ ಅಂದೆ. ‘ಎಲ್ರೂ ಹೇಳ್ತಾರೆ ಆಂಟಿ’ ಅಂದ. ಈ ಎಲ್ಲರೂ ಎನ್ನುವವರ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ತಟ್ಟೆ ಇಟ್ಟು ಎದ್ದು ಬಂದೆ.

ಅವನು ‘ಲೇಡಿ’ ಅಂದದ್ದು ನಾನು ವೈನಿ ಎಂದು ಕರೆಯುವ ಹೆಂಗಸನ್ನು. ಧಾರವಾಡದ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ನಾನು ಮೈಸೂರಿನವಳು, ಆ ಶಬ್ದ ನನ್ನ ಬಾಯಿಗೆ ಬಂದದ್ದೇ ಸ್ಕಾರ್‌ಬರೋದಲ್ಲಿ. ತೊಂಬತ್ತರ ದಶಕದಲ್ಲಿ ನಾವು ಬಂದಿಳಿದಾಗ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಸಾಲುಮನೆಯಲ್ಲಿ ಅವರಿದ್ದರು. ಮೊದಲ ಚಳಿಗಾಲಕ್ಕೆ ನನಗೆ ಕೋಟು ಕೊಡಿಸಿದವರು, ನನ್ನ ಬಾಣಂತನ ಮಾಡಿದವರು, ಸಿಟ್ಟು ಬಂದಾಗ ನನ್ನನ್ನು ಬೈಯುವ ಹಕ್ಕಿದ್ದ ಏಕೈಕ ವ್ಯಕ್ತಿ ಈ ದೇಶದಲ್ಲಿ. ಆಕೆ ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದರು. ಅವರ ಗಂಡ, ನಾನು ಅಣ್ಣ ಎಂದು ಕರೆಯುವವರು, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿದ್ದರು.

ಅಮೆರಿಕ ಕೆನಡಾಗಳ ಕನ್ನಡಿಗರೆಲ್ಲ ಸೇರುವ ಸಮ್ಮೇಳನವನ್ನು ಟೊರೊಂಟೊದಲ್ಲಿ ಮಾಡಬೇಕೆಂಬ ಮಾತು ಬಂದದ್ದು ಒಂದು ಯುಗಾದಿಯ ಸಭೆಯಲ್ಲಿ. ಮಾಡಬೇಕು ಎಂದು ಎಲ್ಲರೂ ಕೂಗಿದರು. ಯಾರು ಮಾಡುತ್ತೀರಿ ಎಂದಾಗ ಎಲ್ಲರಿಗೂ ತಮ್ಮ ತಮ್ಮ ಮಕ್ಕಳ ಶೂ ಲೇಸು ಬಿಚ್ಚಿರುವುದು ಕಾಣಿಸತೊಡಗಿತು. ಅಣ್ಣ ಕೈ ಎತ್ತಿದರು. ಭಾರಿ ಚಪ್ಪಾಳೆ ಬಿತ್ತು. ಮರುವರ್ಷ ಇ-ಮೇಲ್ ಗುಂಪಿನಲ್ಲಿ ಅಣ್ಣನ ಮಾನ ಕಳೆದ ಕೈಗಳೂ ಅವೇ. ಆವತ್ತು ಅದು ನಮಗೆ ಗೊತ್ತಿರಲಿಲ್ಲ.

ವೈನಿಗೆ ಊಟದ ಜವಾಬ್ದಾರಿ ಬಂತು. ಸ್ಕಾರ್‌ಬರೋದ ಒಂದು ಹೈಸ್ಕೂಲನ್ನು ಜುಲೈ ಮೊದಲ ವಾರದ ರಜೆಗೆ ಬಾಡಿಗೆ ಹಿಡಿದಿದ್ದೆವು. ಅಲ್ಲಿ ಅಡುಗೆ ಮಾಡುವಂತಿಲ್ಲ, ಬಿಸಿ ಮಾಡಿ ಬಡಿಸಬಹುದು ಅಷ್ಟೇ. ಅನ್ನ ಸಾರು ಪಲ್ಯಕ್ಕೆ ಕೇಟರಿಂಗಿನವರು ಸಿಕ್ಕರು. ‘ರೊಟ್ಟಿ ಇಲ್ಲದ ಎಂಥಾ ಊಟ?’ ಎಂದು ವೈನಿ ಹಟ ಹಿಡಿದರು. ಜೋಳದ ರೊಟ್ಟಿಯನ್ನು ಖಡಕ್ ಆಗಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಹಿಮ ಕರಗುವ ಮೊದಲೇ ವೈನಿಯ ಮನೆಯಲ್ಲಿ ನಮ್ಮ ರೊಟ್ಟಿ ಶನಿವಾರಗಳು ಶುರುವಾದವು. ಹುಬ್ಬಳ್ಳಿ, ಬೆಳಗಾವಿ ಕಡೆಯ ಹೆಂಗಸರು ಬಡಿಯುವುದು, ನಮ್ಮಂಥ ಮೈಸೂರಿನವರು ಒಣಗಿಸಿ ಜೋಡಿಸುವುದು. ಹೊಗೆ ಏಳುತ್ತಿದ್ದಂತೆ ಸ್ಮೋಕ್ ಅಲಾರ್ಮು ಕಿರಿಚಿಕೊಳ್ಳುತ್ತಿತ್ತು. ಅದರ ಕೆಳಗೆ ಟವೆಲ್ ಬೀಸುತ್ತ ನಿಲ್ಲಲು ಒಬ್ಬರನ್ನು ನೇಮಿಸಿದ್ದೆವು. ನಕ್ಕೂ ನಕ್ಕೂ ಸಾಕಾಗುತ್ತಿತ್ತು. ಒಣಗಿದ ರೊಟ್ಟಿ ತುಂಬಲು ವೈನಿ ಡೇಕೇರ್‌ನಿಂದ ಡೈಪರ್ ಬರುವ ದೊಡ್ಡ ಕಾರ್ಡ್‌ಬೋರ್ಡ್ ಡಬ್ಬಗಳನ್ನು ತಂದು, ಒಳಗೆ ಒಗೆದ ಪಂಚೆ ಹಾಸಿ, ಪದರ ಪದರವಾಗಿ ಜೋಡಿಸಿದ್ದರು. ಆಮೇಲೆ ಒಬ್ಬರು ‘ಡೈಪರ್ ಡಬ್ಬದಲ್ಲಿ ಇಟ್ಟ ಹಳಸಿದ ರೊಟ್ಟಿ ಬಡಿಸಿದರು’ ಎಂದು ಬರೆದರು. ಖಡಕ್ ರೊಟ್ಟಿಗೂ ಹಳಸಲು ರೊಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದವರು ಕನ್ನಡ ಸಂಸ್ಕೃತಿಯ ರಕ್ಷಣೆಗೆ ನಿಂತಿದ್ದರು.

ಇನ್ನು ಆಹ್ವಾನ ಪತ್ರಿಕೆ. ಕಮಿಟಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಮದುವೆಯ ಕರೆಯೋಲೆ ಮಾತ್ರ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂದು ಸಮ್ಮೇಳನವನ್ನು ಚಂದಗಾಣಿಸಬೇಕು’ ಎಂದು ಬರೆಸಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿಯೊಬ್ಬರೂ ಮುಂಚೆಯೇ ನೋಂದಾಯಿಸಬೇಕೆಂದು ಹಾಕಿದೆವು. ಜನ ದೊಡ್ಡ ಅಕ್ಷರವನ್ನು ಮಾತ್ರ ನಂಬಿದರು. ಜುಲೈ ಎಂದರೆ ಇಲ್ಲಿ ಅಪ್ಪ ಅಮ್ಮಂದಿರ ಕಾಲ. ಪ್ರತಿ ಮನೆಯಲ್ಲೂ ಊರಿಂದ ಬಂದ ಯಾರಾದರೊಬ್ಬರು ಸೋಫಾದ ಮೇಲೆ ಕೂತು ಕಿಟಕಿ ನೋಡುತ್ತಿರುತ್ತಾರೆ. ಮಕ್ಕಳು ತಮ್ಮ ಹೆಸರು ನೋಂದಾಯಿಸಿದರು. ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು, ಅವರನ್ನು ನೋಡಲು ಅಮೆರಿಕದಿಂದ ಕಾರಿನಲ್ಲಿ ಬಂದ ನೆಂಟರನ್ನು ಹಾಗೇ ಜೊತೆಗೆ ಕರೆತಂದರು. ಹೆತ್ತವರನ್ನು ಕರೆದುಕೊಂಡು ಹೋಗಲೂ ರಿಜಿಸ್ಟ್ರೇಷನ್ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದವರು ಸುಮ್ಮನಿದ್ದರು.

ನೋಂದಾಯಿಸಿದವರ ಕೈಗೆ ಹಸಿರು ಕಾಗದದ ಪಟ್ಟಿ ಕಟ್ಟಿದ್ದೆವು. ಊಟದ ಹಾಲಿನ ಬಾಗಿಲಲ್ಲಿ ನಿಂತು ಆ ಪಟ್ಟಿ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಶನಿವಾರ ಮಧ್ಯಾಹ್ನ ಸಾಲು ಉದ್ದ ಬೆಳೆದಿತ್ತು. ಮುಂದೆ ಒಬ್ಬ ಅಜ್ಜಿ ಬಂದರು. ಇಳಕಲ್ ಸೀರೆ, ಕೆಳಗೆ ಮೊಮ್ಮಗನದಿರಬೇಕು, ಒಂದು ಜೊತೆ ಸ್ಪೋರ್ಟ್ಸ್ ಶೂ. ಕೈತುಂಬ ಗಾಜಿನ ಬಳೆ ಇತ್ತು, ನಮ್ಮ ಪಟ್ಟಿ ಇರಲಿಲ್ಲ. ‘ಅಜ್ಜಿ, ಕೈಗೆ ಪಟ್ಟಿ ಕಟ್ಟಿಸ್ಕೊಂಡಿಲ್ವಾ?’ ಅಂದೆ. ಮೆತ್ತಗೇ ಅಂದೆ. ಅವರು ಕೈಯನ್ನೊಮ್ಮೆ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡರು.

ವೈನಿ ಎಲ್ಲಿಂದಲೋ ಓಡಿ ಬಂದರು. ‘ಏನ್ ಮಾಡಾಕತ್ತೀ? ಉಣ್ಣಾಕ ಬಂದವರ ಕೈ ಹಿಡದು ನೋಡ್ತಾರೇನ?’

‘ವೈನಿ, ಪಟ್ಟಿ ಇಲ್ಲದೋರು ತುಂಬ ಜನ ಬರ್ತಿದ್ದಾರೆ. ಊಟ ಸಾಲಲ್ಲ.’

‘ಸಾಲಲಿಲ್ಲಂದ್ರ ನಾ ನೋಡ್ಕೋತೀನಿ. ನೀ ಮಜ್ಜಿಗಿ ಕಡೆ ಹೋಗು. ಬರ್ರಿ ಅಜ್ಜಿ.’ ಎಂದು ಆ ಅಜ್ಜಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅಜ್ಜಿಯ ಹಿಂದೆಯೇ ಅವರ ಅಳಿಯ ಇದ್ದರು. ರಿಚ್ಮಂಡ್ ಹಿಲ್‌ನವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆ, ಬೆಂಗಳೂರಿನವರು. ಮಹಾಶಯರು ಎಂದಷ್ಟೇ ಕರೆಯುತ್ತೇನೆ. ಅವರ ಕೈಗೂ ಹೆಂಡತಿಯ ಕೈಗೂ ಪಟ್ಟಿ ಇತ್ತು. ಅವರ ಹಿಂದೆ ಅಮೆರಿಕದಿಂದ ಬಂದ ಭಾವಮೈದುನ, ಅವನ ಹೆಂಡತಿ, ಮಕ್ಕಳು. ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಮಹಾಶಯರು ತಮ್ಮ ಪಟ್ಟಿಯ ಕೈಯನ್ನು ಎತ್ತಿ ತೋರಿಸಿ, ನಗುತ್ತ, ‘ದೇ ಆರ್ ಆಲ್ ವಿತ್ ಮಿ’ ಅಂದರು. ವೈನಿಯ ಮಾತು ಕೇಳಿಸಿಕೊಂಡ ಮೇಲೆ ನಾನು ಇನ್ನೇನು ಹೇಳಲಿ? ಎಲ್ಲರೂ ಒಳಗೆ ಹೋದರು. ನಾನು ಮಜ್ಜಿಗೆಯ ಕಡೆ ಹೋದೆ.

ಅವರ ಮನೆಯೊಂದರಿಂದಲೇ ಊಟ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಅಂಥ ಮನೆಗಳು ಬೇಕಾದಷ್ಟಿದ್ದವು. ಎರಡು ದಿನಕ್ಕೆಂದು ತಂದ ರೊಟ್ಟಿ ಆ ಮಧ್ಯಾಹ್ನವೇ ಖಾಲಿಯಾಯಿತು, ಅನ್ನದ ಪಾತ್ರೆ ತಳ ಕಂಡಿತು, ಕಾರಿಡಾರಿನಲ್ಲಿ ಇನ್ನೂ ಸಾಲು ನಿಂತಿತ್ತು. ದೂರದ ಊರುಗಳಿಂದ ವಿಮಾನದಲ್ಲಿ ಬಂದವರು, ಕೈಗೆ ಪಟ್ಟಿ ಕಟ್ಟಿಸಿಕೊಂಡವರು. ಅವರಿಗೆ ಕೋಪ ಬಂದದ್ದು ನ್ಯಾಯವೇ. ವೈನಿ ಸೌಟು ಹಿಡಿದು ನಿಂತೇ ಇದ್ದರು. ಅಣ್ಣ ಬಂದು ಪಾತ್ರೆಗಳನ್ನು ನೋಡಿ, ನನ್ನನ್ನೂ ಇನ್ನೊಬ್ಬರನ್ನೂ ಹತ್ತಿರದ ಅಂಗಡಿಗಳಿಗೆ ಅಟ್ಟಿದರು. ಆ ಹೊತ್ತಿನಲ್ಲಿ ಅಷ್ಟು ಜನಕ್ಕೆ ಬೇಗ ಸಿಗುವ ಸಸ್ಯಾಹಾರ ಎಂದರೆ ಚೀಸ್ ಪಿಜ್ಜಾ ಒಂದೇ. ಕಾರಿನ ಹಿಂದಿನ ಸೀಟಿನ ತುಂಬ ಡಬ್ಬ ಪೇರಿಸಿಕೊಂಡು ಓಡೋಡಿ ಬಂದೆವು.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹಬ್ಬವೋ ಹಬ್ಬ. ‘ಬೆಸ್ಟ್ ಸಮ್ಮೇಳನ ಎವರ್!’ ಎಂದು ಕುಣಿದರು. ಯಾರೋ ತಾಯಿ ಭುವನೇಶ್ವರಿಯ ಪಟದ ಪಕ್ಕ ಪಿಜ್ಜಾ ಡಬ್ಬಗಳನ್ನಿಟ್ಟು ಫೋಟೋ ತೆಗೆದರು. ಆ ಫೋಟೋ ಎಲ್ಲ ಕನ್ನಡಿಗರ ಮನೆಗೂ ಹೋಗಿ ಬಂತು. ಆ ದಿನ ಬಡಿಸಿದ ಹೆಂಗಸರು ಏನು ತಿಂದರು ಎಂದು ಯಾರಾದರೂ ಫೋಟೋ ತೆಗೆದರೇ? ತೆಗೆಯಲು ಏನೂ ಇರಲಿಲ್ಲ. ವೈನಿ ಪಿಜ್ಜಾ ಮುಟ್ಟಲಿಲ್ಲ. ಸಂಜೆ ತಳದಲ್ಲಿ ಉಳಿದ ಮಜ್ಜಿಗೆ ಕುಡಿದರು.

ಸಮ್ಮೇಳನ ಮುಗಿದ ವಾರವೇ ಇ-ಮೇಲ್ ಗುಂಪಿನಲ್ಲಿ ಶುರುವಾಯಿತು. ಆಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಕನ್ನಡದ ಮಾನ ಹೋಯಿತೆಂಬ ಗೋಳನ್ನೆಲ್ಲ ಇಂಗ್ಲಿಷಿನಲ್ಲೇ ತೋಡಿಕೊಂಡರು. ಮೈಕು ಕೀರಲು ದನಿ ಮಾಡಿತು. ಡೊಳ್ಳು ಕುಣಿತ ತಡವಾಯಿತು. ಹಾರ ಬಾಡಿತ್ತು. ಪಾರ್ಕಿಂಗ್ ದೂರವಾಯಿತು. ನಾಟಕದ ನಡುವೆ ಮಗು ಅತ್ತಿತು, ಕಮಿಟಿ ಏನು ಮಾಡುತ್ತಿತ್ತು? ಡೊಳ್ಳಿನ ತಂಡದವರು ಇಳಿದುಕೊಂಡದ್ದು ವೈನಿಯ ಬೇಸ್‌ಮೆಂಟಿನಲ್ಲಿ. ಅವರಲ್ಲೊಬ್ಬರಿಗೆ ಹಲ್ಲುನೋವು ಬಂದು ಅಣ್ಣ ಬೆಳಿಗ್ಗೆಯಿಂದ ಡೆಂಟಿಸ್ಟ್ ಹುಡುಕಿ ಅಲೆದದ್ದಕ್ಕೆ ಕುಣಿತ ತಡವಾಯಿತು. ಇದನ್ನು ಬರೆದೆ. ‘ನೋ ಎಕ್ಸ್‌ಕ್ಯೂಸಸ್ ಪ್ಲೀಸ್’ ಎಂದು ಒಂದೇ ಸಾಲಿನ ಉತ್ತರ ಬಂತು.

ಒಂದು ಮಾತು ಹೇಳಬೇಕು. ತಪ್ಪು ಹುಡುಕುವುದು ಕೂಡದು ಎಂಬ ವಾದ ನನ್ನದಲ್ಲ. ಪಟ್ಟಿ ನೋಡದೆ ಬಿಟ್ಟದ್ದು ತಪ್ಪೇ. ನಾನು ಆವತ್ತೇ ಬಾಗಿಲಲ್ಲಿ ಹೇಳಿದ್ದೆ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮೇಜು ಹೊರಲು ಬನ್ನಿ ಎಂದಾಗ ಬೆನ್ನುನೋವು ಅಂದವರು, ಏರ್‌ಪೋರ್ಟಿಗೆ ಹೋಗಿ ಎಂದಾಗ ಕಾರು ಕೆಟ್ಟಿದೆ ಅಂದವರು, ಬೈಯುವ ಹೊತ್ತಿಗೆ ಮಾತ್ರ ಎಷ್ಟು ಗಟ್ಟಿಮುಟ್ಟಾಗಿದ್ದರು! ಅಣ್ಣ ತಮ್ಮ ವರ್ಷದ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದರು. ಮಾರನೆಯ ಸೋಮವಾರ ಶಿಫ್ಟಿಗೆ ಹೋಗಿ ನಿಂತಲ್ಲೇ ತೂಕಡಿಸಿದರಂತೆ. ಹೋಟೆಲಿನಲ್ಲಿ ಊಟ ತಡವಾದರೆ ಹೀಗೆ ಬೈಯುವ ಧೈರ್ಯ ಇವರಲ್ಲಿ ಯಾರಿಗೂ ಇಲ್ಲ. ಸಂಬಳವಿಲ್ಲದೆ ದುಡಿದವರನ್ನು ಬೈದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು.

ಎಲ್ಲಕ್ಕಿಂತ ಉದ್ದನೆಯ ಪತ್ರಗಳು ಮಹಾಶಯರವು. ನೋಂದಾಯಿಸದವರನ್ನು ಒಳಗೆ ಬಿಟ್ಟವರು ಯಾರು, ಅವರು ಎಲ್ಲರ ಮುಂದೆ ಉತ್ತರ ಕೊಡಬೇಕು ಎಂದು ಅವರ ಆಗ್ರಹ. ಓದಿ ನನಗೆ ತಲೆ ಕೆಟ್ಟುಹೋಯಿತು. ವೈನಿಯ ಮನೆಗೆ ಹೋಗಿ, ‘ಅವರ ಅತ್ತೆ, ಭಾವಮೈದುನ, ಎಲ್ಲಾ ಪಟ್ಟಿ ಇಲ್ಲದೆ ಕೂತು ಉಂಡರಲ್ಲ, ಇವತ್ತೇ ಬರೀತೀನಿ’ ಅಂದೆ. ವೈನಿ ಒಲೆಯ ಮುಂದಿಂದ ತಿರುಗಿ ನೋಡಿದರು.

‘ಬರದೀ ಅಂದ್ರ ನನ್ನ ಮನಿ ಹೊಸಲು ತುಳೀಬ್ಯಾಡ. ನನ್ನ ಕೈಲೆ ಉಂಡವರ ಹೆಸರು ಎತ್ತತೀ?’

‘ಅವರು ನಿಮ್ಮ ಹೆಸರು ಎತ್ತುತ್ತಿದ್ದಾರಲ್ಲ?’

‘ಎತ್ತಲಿ. ಅವರೇನು ನನಗ ಉಣಿಸ್ಯಾರ?’

ನಾನು ಬರೆಯಲಿಲ್ಲ. ಆದರೆ ಈ ದೂರುಗಳಿಗೆಂದೇ ಕರೆದಿದ್ದ ಸಭೆಯಲ್ಲಿ ಹೇಳದೆ ಬಿಡುವುದಿಲ್ಲ ಎಂದುಕೊಂಡೆ.

ಆಗಸ್ಟಿನಲ್ಲಿ ಕಮ್ಯುನಿಟಿ ಸೆಂಟರಿನ ಒಂದು ಕೋಣೆಯಲ್ಲಿ ಸಭೆ ಸೇರಿತು. ನಮ್ಮವರ ಸಭೆ ಎಂದಮೇಲೆ ಕೇಳಬೇಕೆ, ಸಂಸಾರ ಸಮೇತ ಬಂದಿದ್ದರು. ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿದ್ದವು. ಒಗ್ಗರಣೆ ಅವಲಕ್ಕಿ, ಚಹಾ. ಅದನ್ನು ಮಾಡಿ ತಂದವರು ಯಾರು? ವೈನಿಯೇ. ಯಾರ ಮೇಲೆ ಆರೋಪವೋ ಅವರೇ ಚಹಾ ಮಾಡಿ ತಂದರು, ಆರೋಪ ಮಾಡಿದವರೆಲ್ಲ ಕೈ ಚಾಚಿ ತೆಗೆದುಕೊಂಡರು. ಮಹಾಶಯರು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಅತ್ತೆಯನ್ನೂ ಕರೆತಂದಿದ್ದರು, ಮನೆಯಲ್ಲಿ ಒಬ್ಬರನ್ನೇ ಬಿಡುವುದು ಹೇಗೆ ಎಂದಿರಬೇಕು. ಅಜ್ಜಿ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ, ಮೊಮ್ಮಗನನ್ನು ಹಿಡಿದು ಕೂತಿದ್ದರು.

ಮಹಾಶಯರು ಎದ್ದು ನಿಂತು ಬಹಳ ಹೊತ್ತು ಮಾತಾಡಿದರು. ‘ಅನ್‌ರಿಜಿಸ್ಟರ್ಡ್ ಜನನ್ನ ಅಲೋ ಮಾಡಿದ್ದು ಯಾರು? ಹೂ ಆಥರೈಸ್ಡ್ ಇಟ್? ವಿ ನೀಡ್ ಅಕೌಂಟಬಿಲಿಟಿ.’ ತಲೆಗಳು ಆಡಿದವು. ಹಾಗೆ ತಲೆ ಆಡಿಸಿದವರಲ್ಲಿ ಅರ್ಧಕ್ಕರ್ಧ ಜನರ ಅಪ್ಪ ಅಮ್ಮಂದಿರಿಗೆ ನಾನೇ ಮಜ್ಜಿಗೆ ಬಡಿಸಿದ್ದೆ, ಅವರ ಖಾಲಿ ಕೈಗಳನ್ನು ನೋಡುತ್ತ.

ಅಷ್ಟರಲ್ಲಿ ವೈನಿ ಚಹಾದ ಫ್ಲಾಸ್ಕು ಹಿಡಿದು ಹಿಂದಿನ ಸಾಲಿಗೆ ಬಂದರು. ಅಳಿಯನ ಇಂಗ್ಲಿಷು ಅಜ್ಜಿಗೆ ತಿಳಿಯುತ್ತಿರಲಿಲ್ಲ. ವೈನಿಯ ಮುಖ ಕಂಡದ್ದೇ ಅವರ ಮುಖ ಅರಳಿತು. ಇಡೀ ಕೋಣೆಗೆ ಕೇಳುವಂತೆ ಅಂದರು:

‘ಏ ತಂಗೀ! ನೀನ ಅಲ್ಲೇನವಾ ಅವತ್ತ ನನ್ನ ಕೈ ಹಿಡದು ಒಳಗ ಕರಕೊಂಡು ಹೋದಾಕಿ? ಏನ್ ಊಟಾನವ್ವಾ ಅದು! ಈ ದೇಶಕ್ಕ ಬಂದ ಮ್ಯಾಲೆ ಅವತ್ತ ಒಂದ ದಿನ ನೋಡು ನಾ ಹೊಟ್ಟಿ ತುಂಬ ಉಂಡದ್ದು. ನಮ್ಮ ಮಗ, ಸೊಸಿ, ಹುಡುಗರು ಎಲ್ಲಾರೂ ಉಂಡ್ವಿ. ನಮ್ಮ ಅಳಿಯಂದ್ರಂತೂ ಮತ್ತ ಮತ್ತ ರೊಟ್ಟಿ ಹಾಕಿಸಿಕೊಂಡ್ರು!’

ಎಲ್ಲರೂ ಮಹಾಶಯರ ಕಡೆ ನೋಡಿದರು. ಅವರ ಕಿವಿಗಳು ಕೆಂಪಾಗಿದ್ದವು. ನಮ್ಮ ಯಾರ ಮುಖವನ್ನೂ ಅವರು ನೋಡಲಿಲ್ಲ, ತಮ್ಮ ಅತ್ತೆಯನ್ನು ನೋಡಿದರು. ಆ ನೋಟ ನಾನು ಕಂಡೆ. ಅಜ್ಜಿಯ ನಗು ಅರ್ಧಕ್ಕೇ ನಿಂತಿತು. ಏನು ತಪ್ಪು ಮಾಡಿದೆ ಎಂದು ತಿಳಿಯದೆ, ಅವರು ಮೊಮ್ಮಗನ ಅಂಗಿಯ ಗುಂಡಿ ಹಾಕತೊಡಗಿದರು. ಮಗಳು ಬಗ್ಗಿ ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದೇ ಹೇಳುತ್ತೇನೆ. ಸಿಕ್ಕಿಬಿದ್ದರಲ್ಲ! ಎದ್ದು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ವೈನಿ ಫ್ಲಾಸ್ಕು ಕೆಳಗಿಟ್ಟರು.

‘ಅಜ್ಜಿನ್ನ ನಾನ ಕರದಿದ್ದೆರಿ’ ಅಂದರು. ‘ನಮ್ಮ ಕಡೆಯವರು ಅಂತ ನಾನ ಅವರ ಮನಿಗೆ ಫೋನ್ ಮಾಡಿ, ಎಲ್ಲಾರೂ ಬರಬೇಕು ಅಂತ ಒತ್ತಾಯ ಮಾಡಿದ್ದೆ. ಅವರು ಒಲ್ಲೆ ಅಂದ್ರೂ ಬಿಡಲಿಲ್ಲ. ಅವರೊಬ್ರನ್ನ ಅಲ್ಲ, ಬಾಳ ಮಂದಿನ್ನ ಹಂಗ ನಾನ ಕರದೀನಿ. ಇವರದು ಯಾರದೂ ತಪ್ಪಿಲ್ಲ. ನಂದ ತಪ್ಪು. ಕ್ಷಮಾ ಮಾಡ್ರಿ.’

ಫೋನೂ ಇಲ್ಲ, ಒತ್ತಾಯವೂ ಇಲ್ಲ. ಆ ಮನೆಯ ನಂಬರೇ ಅವರಿಗೆ ಗೊತ್ತಿರಲಿಲ್ಲ. ‘ಅದು ಹಾಗಲ್ಲ’ ಎಂದು ನಾನು ಶುರುಮಾಡಿದೆ. ವೈನಿ ನನ್ನ ತೋಳು ಹಿಡಿದು ಕೂರಿಸಿದರು, ಬೆರಳು ಮೂಡುವ ಹಾಗೆ. ಅಣ್ಣನ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಕೋಣೆಯಲ್ಲಿ ಅಪ್ಪ ಅಮ್ಮನನ್ನು ಕರೆತಂದಿದ್ದವರೆಲ್ಲ ಉಸಿರು ಬಿಟ್ಟರು. ಎಲ್ಲರಿಗೂ ಬೇಕಾದ ಉತ್ತರ ಸಿಕ್ಕಿತ್ತು. ‘ಅಟ್‌ಲೀಸ್ಟ್ ಶಿ ಅಡ್ಮಿಟೆಡ್’ ಎಂದು ಮಹಾಶಯರು ಕುಳಿತರು. ಮುಂದಿನ ಕಾರ್ಯಕ್ರಮಗಳ ಊಟದ ಜವಾಬ್ದಾರಿ ಬೇರೆಯವರಿಗೆ ಕೊಡಬೇಕೆಂದು ತೀರ್ಮಾನವಾಯಿತು. ನಂತರ ಎಲ್ಲರೂ ಅವಲಕ್ಕಿ ತಿಂದರು.

ಆಮೇಲೆ ವೈನಿಯನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಜನ ಹಿಟ್ಟಿನ ಚೀಲ ನೋಡುವವರಂತೆ ಪಕ್ಕಕ್ಕೆ ತಿರುಗುತ್ತಿದ್ದರು. ತನ್ನ ಊರಿನವರಿಗೆಲ್ಲ ಪುಕ್ಕಟೆ ಉಣಿಸಿದವಳು ಎಂಬ ಹೆಸರು ಬಿತ್ತು, ಅದೇ ಹೆಸರು ಮೊನ್ನೆ ಹೋಳಿಗೆಯ ಜೊತೆ ನನ್ನ ತಟ್ಟೆಗೂ ಬಂತು. ಅಣ್ಣ ನಿವೃತ್ತರಾದ ಮೇಲೆ ಇಬ್ಬರೂ ಮಗಳ ಊರಿಗೆ, ಪಶ್ಚಿಮದ ಕಡೆ ಹೊರಟುಹೋದರು. ಬೀಳ್ಕೊಡಲು ನಾನು ಮತ್ತು ನನ್ನ ಗಂಡ ಮಾತ್ರ ಇದ್ದೆವು. ಅಜ್ಜಿ ಊರಿಗೆ ಮರಳಿ ಕೆಲವು ವರ್ಷಗಳಲ್ಲಿ ತೀರಿಕೊಂಡರೆಂದು ಕೇಳಿದೆ. ಅವರು ಇಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ. ವೈನಿ ಓದಿದರೆ ಈಗಲೂ ಬೈಯುತ್ತಾರೆ, ಬೈಯಲಿ.

ಆವತ್ತು ಸಭೆ ಮುಗಿದ ಮೇಲೆ ಅಣ್ಣ ನೇರವಾಗಿ ಶಿಫ್ಟಿಗೆ ಹೋದರು. ವೈನಿಯನ್ನು ಮನೆಗೆ ಬಿಟ್ಟವಳು ನಾನು. ದಾರಿಯುದ್ದಕ್ಕೂ ಕೂಗಾಡಿದೆ. ನಿಮ್ಮ ಮರ್ಯಾದೆ ಹೋಯಿತು, ಅಣ್ಣನ ಮರ್ಯಾದೆ ಹೋಯಿತು, ತಿಂಗಳುಗಟ್ಟಲೆ ರೊಟ್ಟಿ ಬಡಿದ ಆ ಹೆಂಗಸರದ್ದೂ ಹೋಯಿತು, ಆ ಮನುಷ್ಯನನ್ನು ಉಳಿಸಲು ನಿಮಗೇನು ಬಂದಿತ್ತು ಎಂದೆ. ವೈನಿ ಖಾಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಇಳಿಯಲು ಬಾಗಿಲು ತೆಗೆದವರು ಹಾಗೇ ಕೂತರು.

‘ಆ ಮನಶ್ಯಾನ್ನ ಯಾರು ಉಳಿಸ್ಯಾರ?’ ಅಂದರು. ‘ಆ ಅಜ್ಜಿನ್ನ ಹೆಂಗ ನೋಡಿದಾ ನೀ ಕಂಡೀಯಿಲ್ಲೋ? ಇನ್ನ ದಸರಾ ತನಕ ಆಕಿ ಅಳಿಯನ ಮನ್ಯಾಗ ಕುಂತು ಉಣಬೇಕು. ಮಂದಿ ನನಗೇನರೆ ಅನ್ನಲಿ, ನಾ ನಮ್ಮನಿಗೆ ಬಂದು ಬಾಗಲಾ ಹಾಕ್ಕೋತೀನಿ. ಆಕಿ ಎಲ್ಲಿಗೆ ಹೋಗಬೇಕ, ಹೇಳು?’